ಕೋಶದಿಂದ ಕೋಶ



ವಿಜ್ಞಾನದ ಯಾವುದಾದರೊಂದು ಮೂಲತತ್ತ್ವವನ್ನು ಕುರಿತು, ಆ ಶಾಸ್ತ್ರದ ಹೊಸ್ತಿಲನ್ನು ಈಗತಾನೆ ದಾಟುತ್ತಿರುವ ವಿದ್ಯಾರ್ಥಿಗಳಿಗೆ ತಿಳಿಯುವಂಥ ಕನ್ನಡದಲ್ಲಿ ಈ ಉಪನ್ಯಾಸವು ನಡೆಯತಕ್ಕದ್ದೆಂದು ದತ್ತಿಯನ್ನು ಸ್ಥಾಪಿಸಿದ ಮಹನೀಯರು ವಿಧಿಸಿರುವುದರಿಂದ, ವಿಷಯವನ್ನು ಆರಿಸಿಕೊಳ್ಳುವುದರಲ್ಲಿ ನನಗೆ ವಿಶೇಷವಾದ ತೊಡಕೇನೂ ಉಂಟಾಗಲಿಲ್ಲ. ಜೀವಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದವರಿಗೆ ಮೊದಲ ಅಧ್ಯಾಯಗಳಲ್ಲಿಯೇ ಎದುರಾಗುವುದು ಕೋಶಸಿದ್ಧಾಂತ. ಸಮಸ್ತ ಜೀವಿಗಳೂ ಒಂದು ಅಥವಾ ಅನೇಕ ಕೋಶಗಳಿಂದ ಆದವುಗಳೆಂದೂ, ಜೀವಿಯ ರಚನೆಗೂ ವ್ಯಾಪಾರಕ್ಕೂ ಕೋಶವೇ ಮೂಲ ಘಟಕವೆಂದೂ, ಕೋಶವು ಮೊದಲೇ ಇದ್ದ ಮತ್ತೊಂದು ಕೋಶದಿಂದಲೇ ಹುಟ್ಟತಕ್ಕದ್ದೆಂದೂ ಅಲ್ಲಿ ಬರೆದಿರುತ್ತದೆ. ಮೊದಲಿನ ಎರಡು ಮಾತುಗಳನ್ನು ನೀವೆಲ್ಲರೂ ಕಂಠಪಾಠ ಮಾಡಿದ್ದೀರಿ. ಪರೀಕ್ಷೆಯಲ್ಲಿ ಒಪ್ಪಿಸಿ ಅಂಕಗಳನ್ನೂ ಪಡೆದಿದ್ದೀರಿ. ಮೂರನೆಯದು ಮಾತ್ರ ಮೊದಲೆರಡರ ಬಾಲಂಗೋಚಿಯಂತೆ ಬಂದು ಹೋಗುತ್ತದೆ. ಆದರೆ ಈ ಮೂರನೆಯ ಮಾತೇ ಸಿದ್ಧಾಂತದ ಜೀವಾಳವೆಂದೂ, ಉಳಿದೆರಡು ಇದರ ಆಸರೆಯಿಲ್ಲದೆ ನಿಲ್ಲಲಾರವೆಂದೂ ನಾನು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಅದನ್ನು ನಿಮಗೆ ಮನಗಾಣಿಸುವುದೇ ಇಂದಿನ ನನ್ನ ಪ್ರಯತ್ನ.

ಕೋಶವನ್ನು ಕಂಡವರ ಚರಿತ್ರೆ 1665ರಲ್ಲಿ ಮೊದಲಾಗುತ್ತದೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ಮೇಲ್ವಿಚಾರಕನಾಗಿದ್ದ ರಾಬರ್ಟ್ ಹುಕ್ ಎಂಬಾತನು ಆ ವರ್ಷ 'ಮೈಕ್ರೋಗ್ರಾಫಿಯ' ಎಂಬ ದೊಡ್ಡ ಚಿತ್ರಗ್ರಂಥವನ್ನು ಪ್ರಕಟಿಸಿದನು. ಸೀಸೆಗೆ ಬಿರಡೆಯಾಗಿ ಬಳಸುವ ಬೆಂಡನ್ನು ಹರಿತವಾದ ಕತ್ತಿಯಿಂದ ಅತಿ ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಅದರಲ್ಲಿ ಸಾಲುಸಾಲಾಗಿ ಪುಟ್ಟ ಗೂಡುಗಳು ಆತನಿಗೆ ಗೋಚರಿಸಿದುವು. ಹುಕ್ಕನು ಬರಿಯ ನೋಟಕನಾಗಿರಲಿಲ್ಲ, ಲೆಕ್ಕಿಗನೂ ಆಗಿದ್ದನು. ಒಂದು ಅಂಗುಲದ 18ನೆಯ ಒಂದು ಭಾಗದಲ್ಲಿ 60 ಗೂಡುಗಳನ್ನೆಣಿಸಿ, ಆ ಲೆಕ್ಕದಿಂದ ಒಂದು ಘನ ಅಂಗುಲ ಬೆಂಡಿನಲ್ಲಿ 120 ಕೋಟಿಗೂ ಮೇಲ್ಪಟ್ಟು ಗೂಡುಗಳಿರಬೇಕೆಂದು ಗುಣಿಸಿ, ತಾನೇ ಬೆರಗಾದನು. ಬೆಂಡು ಹಗುರವಾಗಿರುವುದಕ್ಕೂ, ನೀರಿನಲ್ಲಿ ತೇಲುವುದಕ್ಕೂ, ಅದುಮಿದರೆ ಕುಗ್ಗಿ ಮತ್ತೆ ಉಬ್ಬುವುದಕ್ಕೂ ಗಾಳಿ ತುಂಬಿದ ಈ ಗೂಡುಗಳೇ ಕಾರಣವೆಂಬುದು ಆತನ ತೀರ್ಮಾನ. ತೀರ್ಮಾನವೇನೋ ಸರಿಯಾದುದೇ. ಆದರೆ ಆತನು ಕಂಡದ್ದು ಸತ್ತ ಕೋಶಗಳ ಭಿತ್ತಿಗಳನ್ನು. ಒಳಗಿನ ಒಕ್ಕಲು ಎಂದೋ ತೀರಿಹೋಗಿತ್ತು. ಹಸಿಯ ಗಿಡಗಳಲ್ಲಿ ಇಂತಹವೇ ಗೂಡುಗಳು ರಸದಿಂದ ತುಂಬಿರುವುದನ್ನು ಆತನು ಗುರುತಿಸಿದ್ದನಾದರೂ, ಆ ರಸದಲ್ಲಿಯೇ ಜೀವವು ನೆಲಸಿರಬಹುದೆಂಬ ಊಹೆಗೆ ಎಡೆಗೊಡುವ ಯಾವ ಆಧಾರವೂ ಆತನ ಮುಂದಿರಲಿಲ್ಲ.

ಜೀವಂತವಾದುದನ್ನು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಆಂಟೊನಿ ಲೇವನ್‌ಹುಕ್. ಈತನಿಗೆ ಲ್ಯಾಟಿನ್ ಬಾರದು, ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವನಲ್ಲ. ತಾನೇ ಉಜ್ಜಿ ನಯಗೊಳಿಸಿದ, ಮಣಿಯಷ್ಟು ಚಿಕ್ಕದಾದ ಒಂದೇ ಒಂದು ಮಸೂರವನ್ನು ಎರಡು ಲೋಹದ ತಗಡುಗಳ ನಡುವೆ ಬಂಧಿಸಿ, ಕಣ್ಣಿಗೆ ತೀರ ಸಮೀಪದಲ್ಲಿ ಹಿಡಿದು ನೋಡುತ್ತಿದ್ದನು. ಆತನ ಉಪಕರಣಗಳಲ್ಲಿ ಉಳಿದುಬಂದಿರುವ ಒಂದು, ವಸ್ತುವನ್ನು ಸುಮಾರು 270 ಮಡಿ ಹಿಗ್ಗಿಸಿ ತೋರಿಸಬಲ್ಲದು. ಕರಿಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯುವ ಕುತೂಹಲದಿಂದ ಮೆಣಸನ್ನು ನೀರಿನಲ್ಲಿ ನೆನೆಹಾಕಿ, ಆ ನೀರಿನ ಹನಿಯನ್ನು ಪರೀಕ್ಷಿಸಿದವನಿಗೆ ಖಾರದ ಗುಟ್ಟು ತಿಳಿಯದೆ, ಅಸಂಖ್ಯಾತವಾದ ಸೂಕ್ಷ್ಮಜೀವಿಗಳು ಹೊರಳಾಡುತ್ತಿದ್ದುದು ಕಾಣಿಸಿತು. 1676ರಲ್ಲಿ ಆತನು ಡಚ್ ಭಾಷೆಯಲ್ಲಿ ಬರೆದು ಕಳುಹಿಸಿದ ಪತ್ರವನ್ನು ಓದಿದ ರಾಯಲ್ ಸೊಸೈಟಿಯ ಪಂಡಿತರಿಗೆ ನಂಬಿಕೆ ಹುಟ್ಟಲಿಲ್ಲ. ಮರುವರ್ಷ ಇದೇ ಹುಕ್ಕನು ಆ ಪ್ರಯೋಗವನ್ನು ತಾನೇ ಮಾಡಿ ತೋರಿಸಿದ ಮೇಲೆಯೇ ಅವರು ಒಪ್ಪಿದರು.

ಇಷ್ಟು ಬೇಗ ಕಂಡದ್ದು ಅರ್ಥವಾಗುವುದಕ್ಕೆ ಮತ್ತೆ ನೂರೈವತ್ತು ವರ್ಷಗಳಿಗೂ ಹೆಚ್ಚಾಗಿ ಏಕೆ ಹಿಡಿಯಿತೆಂದು ನೀವು ಕೇಳಬಹುದು. ಅನೇಕ ಮಸೂರಗಳನ್ನು ಜೋಡಿಸಿದ ಅಂದಿನ ಸೂಕ್ಷ್ಮದರ್ಶಕಗಳಲ್ಲಿ ಪ್ರತಿಬಿಂಬದ ಅಂಚುಗಳಿಗೆ ಬಣ್ಣದ ಝಾಲರಿಗಳು ಹತ್ತಿ, ಹೆಚ್ಚು ಹಿಗ್ಗಿಸಿದಷ್ಟೂ ಹೆಚ್ಚು ಮಸುಕಾಗುತ್ತಿದ್ದಿತು. ಆ ದೋಷವನ್ನು ನಿವಾರಿಸುವ ಕ್ರಮವನ್ನು 1830ರಲ್ಲಿ ತೋರಿಸಿಕೊಟ್ಟವನು ಜೋಸೆಫ್ ಜಾಕ್ಸನ್ ಲಿಸ್ಟರ್; ಈತನೂ ವ್ಯಾಪಾರಿಯೇ, ಮದ್ಯದ ವ್ಯಾಪಾರಿ. ಜವಳಿಯವನೊಬ್ಬ, ಮದ್ಯದವನೊಬ್ಬ, ಹೀಗೆ ಅಂಗಡಿಯವರ ಋಣ ನಮ್ಮ ಶಾಸ್ತ್ರದ ಮೇಲೆ ಬಹಳವಾಗಿದೆ. ವಿಶ್ವವಿದ್ಯಾನಿಲಯಗಳಲ್ಲಿರುವ ನಾವು ಅದನ್ನು ಆಗಾಗ ನೆನೆಯುವುದು ನಮ್ಮ ಆರೋಗ್ಯಕ್ಕೆ ಒಳ್ಳೆಯದು. ಅದೇ ಕಾಲದಲ್ಲಿ ಗಮನಕ್ಕೆ ಬಂದ ಮುಖ್ಯವಸ್ತು ಕೋಶಕೇಂದ್ರ. ಸಸ್ಯಶಾಸ್ತ್ರಜ್ಞನಾದ ರಾಬರ್ಟ್ ಬ್ರೌನನು 1831ರಲ್ಲಿ ಆರ್ಕಿಡ್ ಸಸ್ಯಗಳ ಕೋಶಕೋಶದಲ್ಲಿಯೂ ಇಂತಹ ಒಂದು ದುಂಡನೆಯ ಕಾಯವಿರುವುದನ್ನು ಎತ್ತಿ ತೋರಿಸಿದನು. ನಮ್ಮ ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ಹೂವು ಈ ಆರ್ಕಿಡ್ ಕುಲದ್ದೇ. ಅದೇ ಕುಲದ ಭ್ರೂಣಗಳ ಬೆಳವಣಿಗೆಯನ್ನು ಕೋಶಕೋಶವಾಗಿ ಅಭ್ಯಸಿಸಿ ಕೀರ್ತಿ ಪಡೆದ ವಿದ್ವಾಂಸರು, ಕನ್ನಡಿಗರಿಗೆ 'ಹಸುರು ಹೊನ್ನು' ಗ್ರಂಥದ ಕರ್ತೃಗಳಾಗಿ ಚಿರಪರಿಚಿತರಾದ ಬಿ. ಜಿ. ಎಲ್. ಸ್ವಾಮಿಯವರು.

ಇನ್ನು ಜರ್ಮನಿಗೆ ಬರೋಣ. ಮಟಿಯಾಸ್ ಶ್ಲೈಡನ್ ಎಂಬಾತನು ಮೊದಲು ವಕೀಲನಾಗಿದ್ದವನು. ಆ ವೃತ್ತಿಯಲ್ಲಿ ಸೋತು, ಹತಾಶನಾಗಿ ತಲೆಗೆ ಗುಂಡು ಹೊಡೆದುಕೊಂಡು, ದೈವವಶಾತ್ ಬದುಕಿ ಉಳಿದು, ಅನಂತರ ಸಸ್ಯಶಾಸ್ತ್ರಕ್ಕೆ ತಿರುಗಿದನು. ಸಸ್ಯದ ಸರ್ವಾಂಗವೂ ಕೋಶಮಯವೆಂದು 1838ರಲ್ಲಿ ಸಾರಿದವನು ಈತ. ಪ್ರಾಣಿಗಳ ಅಂಗರಚನೆಯನ್ನು ಅಭ್ಯಸಿಸುತ್ತಿದ್ದ ಥಿಯೊಡೋರ್ ಶ್ವಾನನೊಡನೆ ಒಂದು ದಿನ ಊಟಕ್ಕೆ ಕುಳಿತಿದ್ದಾಗ, ಶ್ಲೈಡನ್ನನು ಸಸ್ಯದ ಕೋಶಕೇಂದ್ರದ ಮಾತನ್ನು ತೆಗೆಯಲಾಗಿ, ಅಂತಹುದನ್ನೇ ಗೊದಮೊಟ್ಟೆಯ ಬೆನ್ನಿನ ದಂಡದಲ್ಲಿ ತಾನು ಕಂಡಿರುವುದಾಗಿ ಶ್ವಾನನಿಗೆ ಥಟ್ಟನೆ ಹೊಳೆಯಿತೆಂದೂ, ಇಬ್ಬರೂ ಕೂಡಲೇ ಪ್ರಯೋಗಶಾಲೆಗೆ ಎದ್ದುಹೋದರೆಂದೂ ಶ್ವಾನನೇ ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ. 1839ರಲ್ಲಿ ಪ್ರಕಟವಾದ ಶ್ವಾನನ ಗ್ರಂಥವು ಮೃದ್ವಸ್ಥಿ, ಗರಿ, ಉಗುರು, ಸ್ನಾಯು, ನರ ಇವುಗಳೆಲ್ಲದರ ಮೂಲವನ್ನೂ ಕೋಶಗಳಲ್ಲಿ ಕಾಣಿಸಿತು. ಅಲ್ಲಿಯವರೆಗೆ ಮರವೂ ಮನುಷ್ಯನೂ ಎರಡು ಬೇರೆ ಸೃಷ್ಟಿಗಳೆಂದು ನಡೆದುಕೊಂಡು ಬಂದಿದ್ದ ಎರಡು ಶಾಸ್ತ್ರಗಳು ಅಂದು ಒಂದಾದುವು.

ಇಲ್ಲಿಗೆ ಪಠ್ಯಪುಸ್ತಕದ ಮೊದಲೆರಡು ಮಾತುಗಳು ಸಿದ್ಧಿಸಿದುವು. ಆದರೆ ಈ ಇಬ್ಬರು ಮಹಾಶಯರೂ ಮೂರನೆಯ ಮಾತಿನಲ್ಲಿ ಸಂಪೂರ್ಣವಾಗಿ ತಪ್ಪಿದ್ದರೆಂಬುದನ್ನು ಆ ಪುಸ್ತಕಗಳು ಹೇಳುವುದು ಅಪೂರ್ವ. ಹೊಸ ಕೋಶವು ಎಲ್ಲಿಂದ ಬರುತ್ತದೆಯೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇನೆಂದರೆ, ಉಪ್ಪಿನ ದ್ರಾವಣದಲ್ಲಿ ಹರಳು ಕಟ್ಟುವ ಹಾಗೆ ಒಂದು ರೂಪರಹಿತವಾದ ಪೋಷಕರಸದಲ್ಲಿ ಮೊದಲು ಕೇಂದ್ರವು ಗಟ್ಟಿಗೊಂಡು, ಅದರ ಸುತ್ತಲೂ ಕೋಶವು ಕಟ್ಟಿಕೊಳ್ಳುತ್ತದೆಂಬುದು. ಈ ತಪ್ಪನ್ನು ನೀವು ಲಘುವಾಗಿ ಎಣಿಸಬಾರದು. ಕೋಶವು ರಸದಿಂದ ತಾನಾಗಿಯೇ ಹೆಪ್ಪುಗಟ್ಟುವುದಾದರೆ, ಅದನ್ನು ಜೀವದ ಮೂಲ ಘಟಕವೆಂದು ಹೇಳುವುದಕ್ಕೆ ಯಾವ ನ್ಯಾಯವಿದೆ? ಆಗ ಮೂಲವು ರಸವೇ ಆಗಿ, ಕೋಶವು ಅದರ ಒಂದು ಅವಸ್ಥೆ ಮಾತ್ರವಾಗಿ ಉಳಿಯುತ್ತದೆ. ಕೊಳೆಯುವ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆಂಬ ಪ್ರಾಚೀನ ನಂಬಿಕೆಯು ಒಂದು ಬಾಗಿಲಿನಿಂದ ಹೊರಟುಹೋಗಿ, ಪಂಡಿತವೇಷದಲ್ಲಿ ಮತ್ತೊಂದು ಬಾಗಿಲಿನಿಂದ ಒಳಗೆ ಬಂದಂತಾಯಿತು.

ಇದನ್ನು ತಿದ್ದಿದ ಕೀರ್ತಿ ಯಾರಿಗೆ ಸಲ್ಲಬೇಕು? ನಿಮ್ಮ ಪುಸ್ತಕದಲ್ಲಿ ರುಡಾಲ್ಫ್ ವಿರ್ಖೋನ ಹೆಸರಿದೆ. ಪ್ರತಿಯೊಂದು ಕೋಶವೂ ಕೋಶದಿಂದಲೇ ಎಂಬರ್ಥದ ಲ್ಯಾಟಿನ್ ಸೂತ್ರವನ್ನು 1855ರಲ್ಲಿ ಮುಂದಿಟ್ಟು, 1858ರಲ್ಲಿ ಬರ್ಲಿನ್ನಿನಲ್ಲಿ ವೈದ್ಯರೆದುರಿಗೆ 20 ಉಪನ್ಯಾಸಗಳನ್ನು ಮಾಡಿ ಅದನ್ನು ಲೋಕಪ್ರಸಿದ್ಧಗೊಳಿಸಿದವನು ನಿಜವಾಗಿಯೂ ಆತನೇ. ಆದರೆ ಆತನಿಗಿಂತ ಮುಂಚೆ, ಕೋಳಿಮರಿಯ ಭ್ರೂಣದ ರಕ್ತಕೋಶಗಳು ಇಬ್ಭಾಗವಾಗುವುದನ್ನು 1841ರಲ್ಲಿಯೇ ಕಂಡು, ಕಪ್ಪೆಯ ಮೊಟ್ಟೆಯು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುವುದನ್ನು ವರ್ಷಗಟ್ಟಲೆ ಅನುಸರಿಸಿ, ರಸದಿಂದ ಕೋಶ ಹುಟ್ಟುವುದೆಂಬುದು ಸುಳ್ಳೆಂದೂ ವಿಭಜನೆಯೊಂದೇ ಕೋಶದ ಜನ್ಮಕ್ರಮವೆಂದೂ 1852ರಲ್ಲಿ ನಿಸ್ಸಂದಿಗ್ಧವಾಗಿ ಬರೆದವನು ರಾಬರ್ಟ್ ರೆಮಾಕ್. ರೆಮಾಕನು ಯಹೂದ್ಯ. ಆ ಕಾಲದ ಪ್ರಷ್ಯದಲ್ಲಿ ಯಹೂದ್ಯನಿಗೆ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುವ ಅಧಿಕಾರವಿರಲಿಲ್ಲ. ಕ್ರೈಸ್ತನಾಗಿ ದೀಕ್ಷೆ ಪಡೆದಿದ್ದರೆ ದೊರೆಯಬಹುದಾಗಿದ್ದ ಪೀಠವನ್ನು ಆತನು ಆ ಬೆಲೆ ತೆತ್ತು ಪಡೆಯಲು ಒಪ್ಪಲಿಲ್ಲ. ರಾಜನ ವಿಶೇಷಾನುಮತಿಯಿಂದ 1847ರಲ್ಲಿ ಬೋಧನೆಯ ಹಕ್ಕೇನೋ ಬಂದಿತು, ಪೂರ್ಣ ಪ್ರಾಧ್ಯಾಪಕಪದವಿ ಕಡೆಯವರೆಗೂ ಬರಲಿಲ್ಲ. ವಿರ್ಖೋ ತನ್ನ ಪ್ರಬಂಧದಲ್ಲಿ ಆತನ ಹೆಸರನ್ನು ಎತ್ತದೆ ಹೋದನು. ವಿರ್ಖೋ ಕ್ಷುದ್ರನೆಂದು ನನ್ನ ಅಭಿಪ್ರಾಯವಲ್ಲ. ಬಡವರ ಜ್ವರಕ್ಕೆ ಬಡತನವೇ ಕಾರಣವೆಂದು ಸರ್ಕಾರಕ್ಕೆ ಮುಖ ಮುರಿಯುವಂತೆ ಬರೆದುಕೊಟ್ಟ ಧೀರನಾತನು. ಆದರೂ ಈ ಒಂದು ವಿಷಯದಲ್ಲಿ ಆತನ ನಡತೆಯನ್ನು ಸಮರ್ಥಿಸುವ ಮಾತು ನನಗೆ ತೋರುವುದಿಲ್ಲ.

ವಿರ್ಖೋನ ಸ್ವಂತ ದೇಣಿಗೆ ಬೇರೊಂದಿದೆ. ಯೂರೋಪಿನ ವೈದ್ಯರೂ ನಮ್ಮ ಪ್ರಾಚೀನರಂತೆಯೇ ರೋಗವನ್ನು ದೇಹದ ರಸಗಳ ಏರುಪೇರೆಂದು ತಿಳಿದಿದ್ದರು. ಕೋಶವು ಕೋಶದಿಂದಲೇ ಹುಟ್ಟುವುದಾದರೆ, ರೋಗಗ್ರಸ್ತವಾದ ಕೋಶವೂ ಆರೋಗ್ಯವಾಗಿದ್ದ ಯಾವುದೋ ಕೋಶದ ಸಂತಾನವೇ ಆಗಿರಬೇಕಷ್ಟೆ. ಅರ್ಬುದದ ಗಡ್ಡೆಯು ಹೊರಗಿನಿಂದ ಬಂದು ಸೇರಿದ ಶತ್ರುವಲ್ಲ, ನಮ್ಮದೇ ಕೋಶದ ವಂಶದಲ್ಲಿ ಹುಟ್ಟಿ ಮಿತಿಯನ್ನು ಮರೆತ ಪೀಳಿಗೆ. ಇಂದು ಆಸ್ಪತ್ರೆಯಲ್ಲಿ ಗಡ್ಡೆಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗನಿರ್ಣಯ ಮಾಡುವ ಪದ್ಧತಿಯು ಆ ಸೂತ್ರದ ನೇರವಾದ ಫಲ.

ವಿಭಜನೆಯ ಒಳಗುಟ್ಟನ್ನು ಬಯಲುಮಾಡಿದವನು ವಾಲ್ಟರ್ ಫ್ಲೆಮಿಂಗ್. ಬಟ್ಟೆಗೆ ಹಾಕಲೆಂದು ಆಗ ಹೊಸದಾಗಿ ತಯಾರಾಗುತ್ತಿದ್ದ ಕೃತಕ ಬಣ್ಣಗಳನ್ನು ಸ್ಯಾಲಮಾಂಡರ್ ಪ್ರಾಣಿಯ ಮರಿಯ ಕೋಶಗಳಿಗೆ ಉಣಿಸಿದಾಗ, ಕೋಶಕೇಂದ್ರದೊಳಗೆ ದಾರಗಳು ಮೂಡಿ, ಪ್ರತಿಯೊಂದು ದಾರವೂ ಉದ್ದುದ್ದಕ್ಕೆ ಸೀಳಿ, ಒಂದೊಂದು ಸೀಳು ಒಂದೊಂದು ಮರಿಕೋಶಕ್ಕೆ ಹಂಚಿಕೆಯಾಗುವುದನ್ನು ಆತನು ಕಂಡು 1882ರಲ್ಲಿ ವಿಸ್ತಾರವಾಗಿ ಬರೆದನು. ಈ ದಾರಗಳೇ ನಿಮ್ಮ ವರ್ಣತಂತುಗಳು. ಇವುಗಳ ಎಣಿಕೆಯನ್ನು ಕುರಿತು ಒಂದು ಮಾತನ್ನು ಹೇಳಿಬಿಡುತ್ತೇನೆ. ಮನುಷ್ಯನ ಕೋಶದಲ್ಲಿ 48 ವರ್ಣತಂತುಗಳಿವೆಯೆಂದು 1923ರಲ್ಲಿ ಒಬ್ಬ ಹಿರಿಯ ವಿಜ್ಞಾನಿ ಎಣಿಸಿದನು. ಅಲ್ಲಿಂದ ಮೂವತ್ತು ವರ್ಷಗಳಿಗೂ ಹೆಚ್ಚಿನ ಕಾಲ ನೋಡಿದವರಿಗೆಲ್ಲ 48 ಕಾಣಿಸುತ್ತಲೇ ಇದ್ದುವು. 1956ರಲ್ಲಿ ಜಾವಾದಲ್ಲಿ ಹುಟ್ಟಿದ ಟಿಯೊ ಎಂಬಾತನೂ ಸ್ವೀಡನ್ನಿನ ಲೆವಾನನೂ, ಉತ್ತಮಗೊಂಡ ಕ್ರಮದಿಂದ ಎಣಿಸಿ, ಇರುವುದು 46 ಮಾತ್ರವೆಂದು ಸಿದ್ಧಪಡಿಸಿದರು. ನಮ್ಮ ಪ್ರಯೋಗಶಾಲೆಗಳಲ್ಲಿ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಸೂಕ್ಷ್ಮದರ್ಶಕದೊಳಗೆ ಒಮ್ಮೆ ಇಣುಕುವ ಶಾಸ್ತ್ರವನ್ನು ಮುಗಿಸಿ, ಚಿತ್ರವನ್ನು ಆ ಪುಸ್ತಕದಿಂದ ನಕಲುಮಾಡುವ ಸಂಪ್ರದಾಯವು ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಈರುಳ್ಳಿಯ ಪೊರೆಯ ಕೋಶಗಳು ಎಲ್ಲ ವಿದ್ಯಾರ್ಥಿಗಳ ಪುಸ್ತಕಗಳಲ್ಲಿಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಷಟ್ಕೋನಾಕೃತಿಯಲ್ಲಿರುವುದನ್ನು ಕಂಡಾಗಲೆಲ್ಲ ನನಗೆ ಆ 48ರ ನೆನಪಾಗುತ್ತದೆ.

ಕೋಶಸಿದ್ಧಾಂತಕ್ಕೆ ಎದುರಾದ ಅತಿ ಕಠಿನವಾದ ಪರೀಕ್ಷೆ ಮೆದುಳಿನದು. ಉಳಿದ ಅಂಗಗಳೆಲ್ಲ ಕೋಶಮಯವೆಂದು ಒಪ್ಪಿದವರೂ, ಮೆದುಳಿನ ಎಳೆಗಳು ಮಾತ್ರ ಒಂದರೊಳಗೊಂದು ಬೆಸೆದು ಅಖಂಡವಾದ ಬಲೆಯಾಗಿವೆಯೆಂದು ವಾದಿಸಿದರು. ಇಟಲಿಯ ಕ್ಯಾಮಿಲೊ ಗಾಲ್ಜಿಯು 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಕ್ಕೆ ಕಪ್ಪುಬಣ್ಣವನ್ನು ಹಿಡಿಸುವ ಅದ್ಭುತವಾದ ಕ್ರಮವನ್ನು ಕಂಡುಹಿಡಿದನು. ಆ ಕ್ರಮದ ಗುಣವೇನೆಂದರೆ, ಅದು ನೂರರಲ್ಲಿ ಕೆಲವೇ ಕೋಶಗಳನ್ನು ಕಪ್ಪಾಗಿಸಿ ಉಳಿದವನ್ನು ಬಿಟ್ಟುಬಿಡುವುದರಿಂದ, ಕಾಡಿನಲ್ಲಿ ಮರೆಯಾಗಿದ್ದ ಒಂದು ಮರವು ಬೇರಿನಿಂದ ತುದಿಯವರೆಗೆ ಸ್ಪಷ್ಟವಾಗುತ್ತದೆ. ಅದೇ ಕ್ರಮವನ್ನು ಇನ್ನಷ್ಟು ಪರಿಷ್ಕರಿಸಿ, ಭ್ರೂಣಗಳ ಎಳೆಯ ಮೆದುಳುಗಳಲ್ಲಿ ಪ್ರಯೋಗಿಸಿದ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲನು, 1888ರಿಂದ ಮೊದಲುಗೊಂಡು, ಎಳೆಗಳು ಹತ್ತಿರ ಹತ್ತಿರ ಬಂದರೂ ಬೆಸೆಯದೆ ನಿಲ್ಲುವುವೆಂದೂ ನರಕೋಶವು ಸ್ವತಂತ್ರವಾದ ಘಟಕವೆಂದೂ ಸಾಧಿಸಿದನು. 1906ರಲ್ಲಿ ಈ ಇಬ್ಬರಿಗೂ ಜಂಟಿಯಾಗಿ ನೊಬೆಲ್ ಪಾರಿತೋಷಕ ಬಂದಿತು. ಸ್ಟಾಕ್‌ಹೋಮಿನ ಅದೇ ವೇದಿಕೆಯ ಮೇಲೆ ಗಾಲ್ಜಿಯು ತನ್ನ ಭಾಷಣವನ್ನು ಕಹಾಲನ ಮತದ ಖಂಡನೆಗಾಗಿಯೇ ವಿನಿಯೋಗಿಸಿದನು! ತಾನು ರೂಪಿಸಿದ ಉಪಕರಣವೇ ತನ್ನ ಮತವನ್ನು ಮುರಿದುದನ್ನು ಆತನು ಕಡೆಯವರೆಗೂ ಒಪ್ಪಲಿಲ್ಲ. ಎರಡು ನರಕೋಶಗಳ ನಡುವಣ ಅತಿ ಸೂಕ್ಷ್ಮವಾದ ಅಂತರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು 1950ರ ದಶಕದಲ್ಲಿ ಕಣ್ಣಾರೆ ತೋರಿಸಿತು. ಆ ಹೊತ್ತಿಗೆ ಇಬ್ಬರೂ ಗತಿಸಿದ್ದರು.

ಕೋಶವನ್ನು ಕಟ್ಟಡದ ಇಟ್ಟಿಗೆಗೆ ಹೋಲಿಸುವುದು ವಾಡಿಕೆ. ಮಕ್ಕಳಿಗೆ ಹೇಳುವಾಗ ಅದು ಸಲ್ಲಬಹುದಾದರೂ, ನಿಮ್ಮ ವಯಸ್ಸಿನವರು ಅದನ್ನು ಬಿಡಬೇಕು. ಇಟ್ಟಿಗೆಯು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ತನ್ನಂತಹ ಮತ್ತೊಂದನ್ನು ಹೆರುವುದಿಲ್ಲ. ಕಟ್ಟಡವು ಇಟ್ಟಿಗೆಗಿಂತ ಈಚಿನದು, ಕಟ್ಟುವವನು ಎರಡಕ್ಕೂ ಹೊರಗಿನವನು. ನಿಮ್ಮ ದೇಹವಾದರೋ ಒಂದೇ ಒಂದು ಕೋಶವು ಒಡೆದು ಒಡೆದು ಬೆಳೆದದ್ದು. ಇಂದು ಅದರಲ್ಲಿ 30ರಿಂದ 37 ಲಕ್ಷ ಕೋಟಿ ಕೋಶಗಳಿವೆಯೆಂದು ವಿಜ್ಞಾನಿಗಳ ಅಂದಾಜು. ಇವುಗಳಲ್ಲಿ ಮುಕ್ಕಾಲು ಪಾಲಿಗೂ ಮೀರಿದುವು ರಕ್ತದ ಕೆಂಪುಕೋಶಗಳೇ. ಏಳೆಂಟು ಮೈಕ್ರಾನ್ ಅಗಲದ ಈ ಕೋಶವು ಪ್ರಾಣವಾಯುವನ್ನು ಹೊರುವ ಕಾಯಕಕ್ಕಾಗಿ ತನ್ನ ಕೇಂದ್ರವನ್ನೇ ಹೊರದೂಡಿ, ಸಂತಾನದ ಆಸೆಯನ್ನು ತೊರೆದು, ಸುಮಾರು 120 ದಿನ ದುಡಿದು ಅಳಿಯುತ್ತದೆ.

ಕೋಶಗಳು ಇಷ್ಟು ಚಿಕ್ಕವಾಗಿರುವುದೇಕೆಂಬುದನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರ್ ಬಾಹುವುಳ್ಳ ಘನಾಕೃತಿಯ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮಿಲಿಮೀಟರಿನ 1000 ತುಂಡುಗಳಾಗಿ ಕತ್ತರಿಸಿದರೆ, ಒಟ್ಟು ದ್ರವ್ಯವು ಅಷ್ಟೇ ಇದ್ದರೂ ಹೊರಮೈ 60 ಚದರ ಸೆಂಟಿಮೀಟರಿಗೆ ಏರುತ್ತದೆ. ಕೋಶವು ಆಹಾರವನ್ನು ಒಳಗೆ ತೆಗೆದುಕೊಳ್ಳುವುದೂ ಕಲ್ಮಷವನ್ನು ಹೊರಗೆ ಹಾಕುವುದೂ ಹೊರಮೈಯ ಪೊರೆಯ ಮೂಲಕವೇ ಆದುದರಿಂದ, ಗಾತ್ರ ಬೆಳೆದಂತೆಲ್ಲ ಒಳಗಿನ ಬೇಡಿಕೆಗೆ ಹೊರಗಿನ ಬಾಗಿಲು ಸಾಲದಾಗುತ್ತದೆ. ಇದರ ಜೊತೆಗೆ, ಕಣಗಳು ತಾವಾಗಿ ಹರಡಿಕೊಳ್ಳುವ ದೂರವು ಹತ್ತು ಮಡಿಯಾದರೆ ಅದಕ್ಕೆ ಹಿಡಿಯುವ ಕಾಲವು ನೂರು ಮಡಿಯಾಗುತ್ತದೆಂಬ ಭೌತನಿಯಮವೂ ಸೇರಿಕೊಳ್ಳುತ್ತದೆ. ಆದಕಾರಣ ಆನೆಯ ಕೋಶವು ಇಲಿಯ ಕೋಶಕ್ಕಿಂತ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆನೆಯಲ್ಲಿ ಕೋಶಗಳ ಸಂಖ್ಯೆ ಹೆಚ್ಚು, ಅಷ್ಟೆ. ಹಾಗಾದರೆ ಕೋಳಿಮೊಟ್ಟೆಯ ಹಳದಿ ಭಂಡಾರವು ಒಂದೇ ಕೋಶವಲ್ಲವೆ ಎಂದು ಜಾಣನಾದ ವಿದ್ಯಾರ್ಥಿ ಕೇಳಿಯಾನು. ಹೌದು, ಆದರೆ ಅದರ ಬಹುಭಾಗವು ಸಂಗ್ರಹಿಸಿಟ್ಟ ಆಹಾರ. ನಿಜವಾಗಿ ಚಟುವಟಿಕೆಯುಳ್ಳ ಭಾಗವು ಮೇಲ್ಗಡೆ ಕಾಣುವ ಬಿಳಿಯ ಚುಕ್ಕೆಯಷ್ಟೇ. ಬೆನ್ನಿನ ಕೆಳಭಾಗದಿಂದ ಕಾಲಿನವರೆಗೆ ಹೋಗುವ ನರಕೋಶದ ತಂತುವು ಸುಮಾರು ಒಂದು ಮೀಟರ್ ಉದ್ದವಿದ್ದರೂ, ಅಗಲದಲ್ಲಿ ಕೂದಲಿಗಿಂತಲೂ ಸಪುರ.

ಕೋಶದ ಒಳಗಿನ ಅವಯವಗಳ ಪಟ್ಟಿಯನ್ನು ನಾನು ಇಲ್ಲಿ ಒಪ್ಪಿಸುವುದಿಲ್ಲ. ಅದು ನಿಮ್ಮ ಪುಸ್ತಕದಲ್ಲಿ ಬಣ್ಣಬಣ್ಣವಾಗಿ ಅಚ್ಚಾಗಿದೆ. ಒಂದನ್ನು ಮಾತ್ರ ಹೇಳುತ್ತೇನೆ. ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಡುವ ಮೈಟೊಕಾಂಡ್ರಿಯಗಳಿಗೆ ಕೋಶಕೇಂದ್ರದಿಂದ ಬೇರೆಯಾದ ತಮ್ಮದೇ ಡಿಎನ್ಎ ಇದೆ. ಅವೂ ವಿಭಜನೆಯಿಂದಲೇ ವೃದ್ಧಿಯಾಗುತ್ತವೆ, ಕೋಶವು ಅವುಗಳನ್ನು ಹೊಸದಾಗಿ ಸೃಷ್ಟಿಸಲಾರದು. ಅತಿ ಪುರಾತನ ಕಾಲದಲ್ಲಿ ಒಂದು ಕೋಶದೊಳಗೆ ಸೇರಿಕೊಂಡು ಅಲ್ಲಿಯೇ ಒಕ್ಕಲಾಗಿ ನಿಂತ ಬ್ಯಾಕ್ಟೀರಿಯಗಳ ಸಂತಾನವೇ ಇವೆಂದು 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ಎಂಬ ವಿದುಷಿ ವಾದಿಸಿದಾಗ ಬಹುಮಂದಿ ನಕ್ಕರು. ಇಂದು ಅದೇ ಸರ್ವಸಮ್ಮತವಾದ ಮತ. ರೆಮಾಕನು ಕಪ್ಪೆಯ ಮೊಟ್ಟೆಯಲ್ಲಿ ಕಂಡ ನಿಯಮವು ಕೋಶದೊಳಗಣ ಕೋಶಕ್ಕೂ ಅನ್ವಯಿಸಿತು. ಮನುಷ್ಯರಲ್ಲಿ ಈ ಮೈಟೊಕಾಂಡ್ರಿಯಗಳು ತಾಯಿಯ ಅಂಡದಿಂದಲೇ ಬರತಕ್ಕವು. ಆ ಅಂಡವೋ, ನಿಮ್ಮ ತಾಯಿ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಳ್ಳಲು ಮೊದಲಾದ ಕೋಶ. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲಿಯೂ ಕಡಿಯದ ಒಂದು ಎಳೆ ನಿಮಗೆ ಸಿಕ್ಕುತ್ತದೆ. ನಮ್ಮ ವಂಶಾವಳಿಗಳು ಏಳು ತಲೆಮಾರಿಗೆ ಸುಸ್ತಾಗುತ್ತವೆ. ಕೋಶದ ವಂಶಾವಳಿ ಸುಮಾರು 350 ಕೋಟಿ ವರ್ಷಗಳ ಹಿಂದಕ್ಕೆ, ಇಲ್ಲವೆ ಅದಕ್ಕೂ ಆಚೆಗೆ ಹೋಗುತ್ತದೆ.

ಈ ನಿಯಮವನ್ನು ಮುರಿಯುವ ಪ್ರಯತ್ನ ನಡೆದಿಲ್ಲವೆಂದಲ್ಲ. 2010ರಲ್ಲಿ ಅಮೆರಿಕದ ಕ್ರೇಗ್ ವೆಂಟರನ ಸಂಸ್ಥೆಯವರು ಒಂದು ಬ್ಯಾಕ್ಟೀರಿಯದ ಸಮಸ್ತ ಡಿಎನ್ಎಯನ್ನು, ಹತ್ತು ಲಕ್ಷಕ್ಕೂ ಮಿಕ್ಕ ಅಕ್ಷರಗಳ ಆ ಸರವನ್ನು, ರಾಸಾಯನಿಕ ತುಣುಕುಗಳಿಂದ ಪೋಣಿಸಿ ತಯಾರಿಸಿದರು. ಅದು ತನ್ನಷ್ಟಕ್ಕೆ ತಾನು ಒಂದು ನಿರ್ಜೀವವಾದ ದ್ರವ್ಯ. ಹತ್ತಿರದ ಸಂಬಂಧವುಳ್ಳ ಮತ್ತೊಂದು ಬ್ಯಾಕ್ಟೀರಿಯದ ಜೀವಂತ ಕೋಶದೊಳಕ್ಕೆ ಅದನ್ನು ಸೇರಿಸಿದ ಮೇಲೆಯೇ ಅದು ಕೆಲಸಕ್ಕೆ ತೊಡಗಿ, ಕೋಶವು ಹೊಸ ಜಾತಿಯದಾಗಿ ವಿಭಜಿಸಲಾರಂಭಿಸಿತು. ಓಲೆಯನ್ನು ಮನುಷ್ಯರು ಬರೆಯಬಲ್ಲವರಾದರು. ಅದನ್ನು ಓದುವುದಕ್ಕೆ ಮೊದಲೇ ಇದ್ದ ಕೋಶವೊಂದು ಬೇಕಾಯಿತು.

ಹಾಗಿದ್ದರೂ ತರ್ಕವು ನಮ್ಮನ್ನು ಬಿಡುವುದಿಲ್ಲ. ಪ್ರತಿಯೊಂದು ಕೋಶವೂ ಕೋಶದಿಂದಲೇ ಬಂದಿತೆನ್ನುವುದಾದರೆ, ಭೂಮಿಯು ಕಾದ ಬಂಡೆಯ ಉಂಡೆಯಾಗಿದ್ದ ಕಾಲವೊಂದಿದ್ದಿತಾಗಿ, ಮೊತ್ತಮೊದಲಿನ ಕೋಶವು ಈ ನಿಯಮಕ್ಕೆ ಹೊರತಾಗಿಯೇ ಹುಟ್ಟಿರಬೇಕು. ಶ್ಲೈಡನ್ ಮತ್ತು ಶ್ವಾನರು ದಿನನಿತ್ಯವೂ ನಡೆಯುತ್ತದೆಂದು ಭ್ರಮಿಸಿದ ಘಟನೆ ಒಂದು ಸಲವಾದರೂ ನಡೆದಿರಬೇಕಾಯಿತು. ಅದು ಹೇಗೆ, ಯಾವ ನೀರಿನಲ್ಲಿ, ಯಾವ ದ್ರವ್ಯಗಳ ಕೂಟದಿಂದ ಎಂಬ ವಿಚಾರವು ಪ್ರತ್ಯೇಕವಾದ ಒಂದು ಉಪನ್ಯಾಸಕ್ಕೆ ಸಾಲುವಷ್ಟಿದೆ. ಅದನ್ನು ಈ ದತ್ತಿಯ ಮುಂದಿನ ಉಪನ್ಯಾಸಕರಿಗೆ ಬಿಟ್ಟುಕೊಟ್ಟು, ನನಗೆ ಕೊಟ್ಟಿದ್ದ ಅವಧಿಯು ಮುಗಿದಿರುವುದರಿಂದ, ಅಧ್ಯಕ್ಷರ ಅಪ್ಪಣೆಯನ್ನು ಪಡೆದು ನಾನು ಕುಳಿತುಕೊಳ್ಳುತ್ತೇನೆ.